ಕಟ್ಟು ಹಾಕಿಸದೆ ಚಿತ್ರದ ಟೈಲ್ಸ್ ಗೋಡೆಗೆ ನೇತುಹಾಕುವುದು ಹೇಗೆ?

ಅಕ್ಕ ಗೋವಾಕ್ಕೆ ಹೋದಾಗ ಪಣಜಿಯಿಂದ ನನಗೊಂದು ಟೈಲ್ ತಂದುಕೊಟ್ಟಿದ್ದಳು. ಎರಡು ಅಂಗೈ ಜೋಡಿಸಿದಷ್ಟು ಅಗಲ. ಬಿಳಿ ಮೈ ಮೇಲೆ ನೀಲಿಯಲ್ಲಿ ಬರೆದ ಹಾಯಿದೋಣಿ. ಪೋರ್ಚುಗೀಸರ ಕಾಲದಿಂದ ಬಂದ ಅಜುಲೇಜು ಕಲೆ ಅದು. ಪಣಜಿಯ ಫೊಂಟೇನ್ಹಾಸ್ ಓಣಿಗಳಲ್ಲಿ ಮನೆಯ ಹೆಸರು, ನಂಬರುಗಳನ್ನೂ ಇಂಥ ಟೈಲ್ಸ್ ಮೇಲೆ ಬರೆದಿರುವುದನ್ನು ನೋಡಬಹುದು.

ದಾವಣಗೆರೆಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಅದನ್ನು ಎರಡೂ ಬದಿ ಅಂಟುವ ಟೇಪ್ ಹಾಕಿ ಅಂಟಿಸಿದೆ. ಹನ್ನೊಂದನೇ ದಿನ ಬೆಳಗಿನ ಜಾವ ಬಿತ್ತು. ಮೂರು ಚೂರು. ಎತ್ತಿ ನೋಡಿದರೆ ಟೇಪ್ ಟೈಲ್‌ಗೆ ಗಟ್ಟಿಯಾಗಿಯೇ ಕಚ್ಚಿಕೊಂಡಿತ್ತು. ಅದರ ಇನ್ನೊಂದು ಮುಖಕ್ಕೆ ಗೋಡೆಯ ಡಿಸ್ಟೆಂಪರ್ ಹಾಳೆಯ ಹಾಗೆ ಎದ್ದು ಬಂದಿತ್ತು. ಬಹಳ ಬೇಜಾರಾಯಿತು. ಆದರೆ ಅವತ್ತೇ ಒಂದು ವಿಷಯ ತಲೆಗೆ ಹೋಯಿತು: ಟೈಲ್ ಎಷ್ಟು ಗಟ್ಟಿಯಾಗಿ ಅಂಟಿದೆ ಅಂತ ನೋಡಿದರೆ ಸಾಲದು, ಗೋಡೆ ಏನನ್ನು ಹಿಡಿದುಕೊಳ್ಳಬಲ್ಲದು ಅಂತಲೂ ನೋಡಬೇಕು. ಆಮೇಲೆ ನಮ್ಮ ಮನೆಯಲ್ಲಿ, ಚಿತ್ರದುರ್ಗದ ಅಕ್ಕನ ಮನೆಯಲ್ಲಿ ಸೇರಿ ಹತ್ತಾರು ಟೈಲ್ಸ್ ಹಾಕಿದ್ದೇನೆ. ಒಂದೂ ಬಿದ್ದಿಲ್ಲ.

ಕಟ್ಟು ಹಾಕಿಸಿದರೆ ಸುಲಭ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸುಲಭವೇ. ಆದರೆ ಕೈಯಲ್ಲಿ ಬರೆದ ಟೈಲ್‌ನಲ್ಲಿ ಚಿತ್ರ ಅಂಚಿನವರೆಗೂ ಹೋಗಿರುತ್ತದೆ. ಕಟ್ಟು ಅದರ ಸುತ್ತಲಿನ ಅರ್ಧ ಸೆಂ.ಮೀ. ನುಂಗಿಬಿಡುತ್ತದೆ. ಮೆರುಗು ಅಂಚಿನಲ್ಲಿ ಸ್ವಲ್ಪ ದಪ್ಪಗೆ ನಿಂತಿರುತ್ತದಲ್ಲ, ಬೆಳಕು ಬಿದ್ದಾಗ ಆ ಅಂಚೇ ಚೆಂದ. ಅದನ್ನು ಮುಚ್ಚುವುದು ನನಗೆ ಒಪ್ಪುವುದಿಲ್ಲ.

ಮೊದಲು ತೂಗಿ

ಅಡುಗೆಮನೆಯ ತಕ್ಕಡಿ ಸಾಕು. 6 ಇಂಚು ಚೌಕದ, 8 ಮಿ.ಮೀ. ದಪ್ಪದ ಟೈಲ್ ಸುಮಾರು 400 ಗ್ರಾಂ ಇರುತ್ತದೆ. 8 ಇಂಚಿನದು 700 ಗ್ರಾಂ ಹತ್ತಿರ ಬರುತ್ತದೆ. 12 ಇಂಚಿನದು ಒಂದೂವರೆ ಕಿಲೋ. ಅಗಲ ದುಪ್ಪಟ್ಟಾದರೆ ತೂಕ ನಾಲ್ಕು ಪಟ್ಟಾಗುತ್ತದೆ, ಇದನ್ನು ಮರೆಯಬೇಡಿ.

8 ಇಂಚಿನವರೆಗೆ ಬೆನ್ನಿಗೆ ಕೊಂಡಿ ಅಂಟಿಸಿ ನೇತುಹಾಕಬಹುದು. ಅದಕ್ಕಿಂತ ದೊಡ್ಡದಾದರೆ ಹಿಂದೆ ಪ್ಲೈವುಡ್ ಕೊಡಿ, ಇಲ್ಲವೇ ಕೆಳಗಿನಿಂದ ಹಿಡಿಯುವ ಕ್ಲಿಪ್ ಹಾಕಿ. ಬರೀ ಅಂಟನ್ನು ನಂಬಿ ಒಂದೂವರೆ ಕಿಲೋ ಭಾರವನ್ನು ತಲೆಯ ಮೇಲೆ ನಿಲ್ಲಿಸಬೇಡಿ.

ನಿಮ್ಮ ಗೋಡೆ ಯಾವುದು?

ಬೇರೆಲ್ಲ ಕೆಲಸಕ್ಕಿಂತ ಇದಕ್ಕೆ ಜಾಸ್ತಿ ಸಮಯ ಕೊಡಿ. ನಮ್ಮ ಕಡೆ ಒಂದೇ ಮನೆಯಲ್ಲಿ ಮೂರು ಥರದ ಗೋಡೆ ಇರುತ್ತವೆ. ಹಳೇ ಪಡಸಾಲೆಯದು ಒಂದು, ಆಮೇಲೆ ಕಟ್ಟಿಸಿದ ರೂಮಿನದು ಇನ್ನೊಂದು, ಮಹಡಿಯದು ಮತ್ತೊಂದು.

ಅಂಗೈಯಿಂದ ಗೋಡೆಯನ್ನು ಒರೆಸಿ ನೋಡಿ. ಕೈ ಬೆಳ್ಳಗಾದರೆ ಅದು ಸುಣ್ಣ, ಇಲ್ಲವೇ ಹಳೇ ಡಿಸ್ಟೆಂಪರ್. ಅಲ್ಲಿ ಟೇಪು, ಅಂಟುವ ಕೊಕ್ಕೆ, ಯಾವುದೂ ನಿಲ್ಲುವುದಿಲ್ಲ. ಕೈಗೆ ಏನೂ ಹತ್ತದಿದ್ದರೆ ಒಂದು ತುಂಡು ಸೆಲ್ಲೋಟೇಪ್ ಒತ್ತಿ ಅಂಟಿಸಿ, ಒಂದೇ ಸಲಕ್ಕೆ ಕಿತ್ತು ನೋಡಿ. ಟೇಪಿಗೆ ಬಣ್ಣ ಬಂದರೆ ಅದೇ ಉತ್ತರ.

ಮುಂದೆ ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ. ಡೊಳ್ಳು ಡೊಳ್ಳು ಸದ್ದು ಬಂದರೆ ಆ ಜಾಗದಲ್ಲಿ ಗಾರೆ ಗೋಡೆಯನ್ನು ಬಿಟ್ಟಿದೆ ಅಂತ ಅರ್ಥ. ಒಂದು ಅಡಿ ಆಚೆ ಈಚೆ ಸರಿದು ಮತ್ತೆ ತಟ್ಟಿ ನೋಡಿ. ದಾವಣಗೆರೆ ಸುತ್ತ ಎರೆಮಣ್ಣಿನ ಜಾಗದಲ್ಲಿ ಕಟ್ಟಿದ ಮನೆಗಳಿಗೆ ಓರೆಯಾಗಿ ಬಿರುಕು ಬಿಡುವುದು ಹೊಸದಲ್ಲ. ಮಳೆಗಾಲದಲ್ಲಿ ಆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ಬಿರುಕನ್ನು ಮುಚ್ಚಲು ಅದರ ಮೇಲೆಯೇ ಟೈಲ್ ಹಾಕುವ ಯೋಚನೆ ಬೇಡ. ಬಿರುಕಿನಿಂದ ಒಂದು ಗೇಣಾದರೂ ದೂರ ಇರಿ.

ಗಾರೆಯ ಹಿಂದೆ ಏನಿದೆ ಅನ್ನುವುದು ಡ್ರಿಲ್ ಮಾಡುವಾಗ ಉದುರುವ ಪುಡಿಯಲ್ಲಿ ತಿಳಿಯುತ್ತದೆ. ಮೊದಲು ಬಿಳಿ ಪುಡಿ ಬಂದರೆ ಪುಟ್ಟಿ. ಆಮೇಲೆ ಬೂದು ಬಣ್ಣದ್ದು ಸಿಮೆಂಟ್ ಗಾರೆ. ಅದಾದ ಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಬಣ್ಣವೇ ಮುಂದುವರಿದರೆ ಸಿಮೆಂಟ್ ಬ್ಲಾಕ್. ಡ್ರಿಲ್‌ನ ಬಿಟ್ (ಕೊರೆಯುವ ಕಡ್ಡಿ) ಇದ್ದಕ್ಕಿದ್ದಂತೆ ಖಾಲಿ ಜಾಗಕ್ಕೆ ನುಗ್ಗಿದರೆ ಅದು ಪೊಳ್ಳು ಬ್ಲಾಕ್. ತೂತಿಗೆ ತೂರಿಸಿ ಅದರೊಳಗೆ ಸ್ಕ್ರೂ ಬಿಗಿಯುವ ಪ್ಲಾಸ್ಟಿಕ್ ಪ್ಲಗ್ ಇರುತ್ತದಲ್ಲ, ಇಲ್ಲಿಗೆ ಒಳಗೆ ಹೋಗಿ ರೆಕ್ಕೆ ಬಿಚ್ಚಿಕೊಳ್ಳುವ ಥರದ್ದೇ ಬೇಕು, ಸಾದಾ ಪ್ಲಗ್ ಸುಮ್ನೆ ತಿರುಗುತ್ತಿರುತ್ತದೆ.

ಚಿತ್ರದುರ್ಗದ ಹಳೇ ಮನೆಗಳ ಕಥೆ ಬೇರೆ. ಅಕ್ಕನ ಮನೆಯ ಗೋಡೆ ಎರಡಡಿ ದಪ್ಪ. ಕಲ್ಲು, ಕಲ್ಲಿನ ನಡುವೆ ಮಣ್ಣು, ಮೇಲೆ ಸುಣ್ಣದ ಗಾರೆ. ಅಲ್ಲಿ ಮೊದಲ ಸಲ ಡ್ರಿಲ್ ಹಿಡಿದಾಗ ಬಿಟ್ ಕಲ್ಲಿಗೆ ತಾಗಿ ಜಾರಿ ಸಂದಿಗೆ ಹೋಯಿತು. ಒಳಗಿನಿಂದ ಕಂದು ಮಣ್ಣು ಸಕ್ಕರೆಯ ಹಾಗೆ ಸುರಿಯಿತು. ಬೆರಳಿನಷ್ಟು ಇರಬೇಕಾದ ತೂತು ನಿಂಬೆಹಣ್ಣಿನಷ್ಟಾಯಿತು. ಭಾವ ಬೈಯಲಿಲ್ಲ. ಅವರ ತಾತನ ಕಾಲದಲ್ಲಿ ಮಾಡುತ್ತಿದ್ದ ಉಪಾಯ ತೋರಿಸಿದರು: ಮರದ ಗೂಟ.

ಚೆನ್ನಾಗಿ ಒಣಗಿದ ಗಟ್ಟಿ ಮರದ ತುಂಡೊಂದನ್ನು ಏಳೆಂಟು ಸೆಂ.ಮೀ. ಉದ್ದಕ್ಕೆ, ತುದಿ ಸ್ವಲ್ಪ ಸಪೂರ ಇರುವಂತೆ ಕೆತ್ತಬೇಕು. ಸಂದಿಯ ಸಡಿಲ ಮಣ್ಣು ತೆಗೆದು, ಗೂಟವನ್ನು ಬಿಗಿಯಾಗಿ ಹೊಡೆದು, ಸುತ್ತ ಸುಣ್ಣ ಮರಳಿನ ಗಾರೆ ತುಂಬಬೇಕು. ನಾಲ್ಕೈದು ದಿನ ಬಿಟ್ಟು ಆ ಗೂಟಕ್ಕೆ ಸ್ಕ್ರೂ ಹಾಕಿದರೆ ಅಲುಗುವುದಿಲ್ಲ. ಹಸಿ ಮರ ಮಾತ್ರ ಬೇಡ. ಒಣಗಿದ ಮೇಲೆ ಕುಗ್ಗಿ ಈಚೆ ಬರುತ್ತದೆ. ಕಲ್ಲಿಗೇ ತೂತು ಹಾಕುವುದಾದರೆ ಹ್ಯಾಮರ್ ಡ್ರಿಲ್ ಬೇಕು, ತಾಳ್ಮೆಯೂ ಬೇಕು. ನಡುನಡುವೆ ನಿಲ್ಲಿಸಿ ಬಿಟ್ ಆರಲು ಬಿಡಿ.

ಟೈಲ್‌ನ ಬೆನ್ನು

ಮುಂದಿನ ಮುಖ ಎಷ್ಟು ನುಣುಪೋ ಹಿಂದಿನದು ಅಷ್ಟೇ ಒರಟು. ಮೆರುಗು ಇರುವುದಿಲ್ಲ, ನೀರು ಹೀರುತ್ತದೆ. ಕಾರ್ಖಾನೆಯ ಟೈಲ್ ಆದರೆ ಗೆರೆಗೆರೆ ಉಬ್ಬುಗಳಿರುತ್ತವೆ. ಜೊತೆಗೆ ಭಟ್ಟಿಯಲ್ಲಿ ಅಂಟಿಕೊಳ್ಳದಿರಲಿ ಅಂತ ಹಚ್ಚಿದ ಬಿಳಿ ಪುಡಿಯೂ ಹಲವು ಸಲ ಉಳಿದಿರುತ್ತದೆ. ಅಂಟು ಆ ಪುಡಿಯನ್ನೇ ಹಿಡಿದುಕೊಂಡರೆ ಟೈಲನ್ನು ಹಿಡಿದ ಹಾಗಾಗುವುದಿಲ್ಲ.

ಹಳೇ ಹಲ್ಲುಜ್ಜುವ ಬ್ರಷ್, ಸ್ವಲ್ಪ ಪಾತ್ರೆ ಸೋಪು ಹಾಕಿ ಬೆನ್ನನ್ನು ಉಜ್ಜಿ ತೊಳೆಯಿರಿ. ಕೊಂಡಿ ಕೂರುವ ಜಾಗವನ್ನು ಒರಟು ಸ್ಯಾಂಡ್ ಪೇಪರಿನಿಂದ ಹತ್ತಿಪ್ಪತ್ತು ಸಲ ತಿಕ್ಕಿ. ಮತ್ತೆ ಒರೆಸಿ ಎರಡು ದಿನ ಒಣಗಲು ಬಿಡಿ. ಬಿಸಿಲಿಗೆ ಇಡಬಹುದು. ಕೊನೆಗೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ. ಆಮೇಲೆ ಆ ಜಾಗ ಮುಟ್ಟಬೇಡಿ, ಬೆರಳಿನ ಎಣ್ಣೆಯೂ ಅಂಟಿಗೆ ಶತ್ರು.

ಜೈಪುರದ ನೀಲಿ ಟೈಲ್ಸ್ ಇದ್ದರೆ ಎಚ್ಚರ. ಅವುಗಳ ಮೈಯಲ್ಲಿ ಕುಂಬಾರರು ಬಳಸುವ ಮಾಮೂಲಿ ಜೇಡಿಮಣ್ಣು ಇರುವುದಿಲ್ಲ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಅಂಟು ಸೇರಿಸಿ ಹದ ಮಾಡಿ ಸುಡುತ್ತಾರೆ. ನೋಡಲು ಬಹಳ ಚೆಂದ, ಆದರೆ ಮೈ ಮೆದು. ಅವನ್ನು ನೀರಿನಲ್ಲಿ ನೆನೆಸಬೇಡಿ, ಜೋರಾಗಿ ತಿಕ್ಕಬೇಡಿ, ಡ್ರಿಲ್ ಅಂತೂ ಬೇಡವೇ ಬೇಡ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಕೊಂಡಿ ಮತ್ತು ಅಂಟು

ಹಾರ್ಡ್‌ವೇರ್ ಅಂಗಡಿಗಳಲ್ಲಿ, ಫೋಟೊಗೆ ಕಟ್ಟು ಹಾಕುವ ಅಂಗಡಿಗಳಲ್ಲಿ ಡಿ ಆಕಾರದ ಕೊಂಡಿ ಸಿಗುತ್ತದೆ. ಒಂದು ಚಪ್ಪಟೆ ಪಟ್ಟಿ, ಅದಕ್ಕೊಂದು ತೂತು, ತುದಿಗೆ ಉಂಗುರ. ಪಟ್ಟಿ ಚಪ್ಪಟೆಯಾಗಿ, ಉದ್ದವಾಗಿ ಇರುವುದನ್ನೇ ಆರಿಸಿ. ಅಂಟಿಕೊಳ್ಳುವ ಜಾಗ ಜಾಸ್ತಿಯಾದಷ್ಟೂ ಒಳ್ಳೆಯದು.

ಅಂಟು ಯಾವುದು? ಫೆವಿಕಾಲ್ ಮರಕ್ಕೆ ಒಳ್ಳೆಯದು, ಲೋಹದ ಪಟ್ಟಿಗೆ ಅಲ್ಲ. ಫೆವಿಕ್ವಿಕ್ ಕ್ಷಣದಲ್ಲಿ ಹಿಡಿಯುತ್ತದೆ ನಿಜ, ಆದರೆ ಒಣಗಿದ ಮೇಲೆ ಗಾಜಿನಂತೆ ಪೆಡಸು. ಬಾಗಿಲು ಬಡಿದ ಅದುರಿಗೆ ಒಂದು ದಿನ ಸಿಡಿದು ಬಿಡುತ್ತದೆ. ಈ ಕೆಲಸಕ್ಕೆ ಅರಾಲ್ಡೈಟ್ ಥರದ, ಎರಡು ಟ್ಯೂಬಿನ ಎಪಾಕ್ಸಿಯೇ ಸರಿ. ಅದರಲ್ಲೂ ಐದು ನಿಮಿಷದ್ದು ಬೇಡ, ನಿಧಾನವಾಗಿ ಗಟ್ಟಿಯಾಗುವುದನ್ನು ತೆಗೆದುಕೊಳ್ಳಿ. ಅದು ಟೈಲ್‌ನ ಸಣ್ಣ ಸಣ್ಣ ರಂಧ್ರಗಳಿಗೆ ಇಳಿಯಲು ಸಮಯ ಸಿಗುತ್ತದೆ.

ಹಳೇ ಲಗ್ನಪತ್ರಿಕೆಯ ಮೇಲೆ ಎರಡೂ ಟ್ಯೂಬಿನಿಂದ ಸಮಸಮ ಉದ್ದದ ಗೆರೆ ಹಿಂಡಿ. ಎರಡು ಮೂರು ನಿಮಿಷ, ಬಣ್ಣ ಒಂದೇ ಥರ ಆಗುವವರೆಗೆ ಕಲಸಿ. ಅಳತೆ ಹೆಚ್ಚುಕಮ್ಮಿಯಾದರೆ ಅಥವಾ ಸರಿಯಾಗಿ ಕಲಸದಿದ್ದರೆ ಅದು ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಉಳಿಯುತ್ತದೆ. ಎಪಾಕ್ಸಿ ಒಣಗಿ ಗಟ್ಟಿಯಾಗುವ ವಸ್ತುವಲ್ಲ, ಎರಡು ಭಾಗ ಒಂದಕ್ಕೊಂದು ಬೆರೆತು ಗಟ್ಟಿಯಾಗುವುದು. ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ.

ಟೈಲನ್ನು ಮಡಚಿದ ಟವೆಲ್ ಮೇಲೆ ಮುಖ ಕೆಳಗಾಗಿ ಮಲಗಿಸಿ. ಕೊಂಡಿಯ ಪಟ್ಟಿಯನ್ನೂ ಸ್ಯಾಂಡ್ ಪೇಪರಿನಿಂದ ತಿಕ್ಕಿರಬೇಕು. ಅಂಟು ಹಚ್ಚಿ, ಪಟ್ಟಿ ಒತ್ತಿ. ತೂತಿನಿಂದ ಅಂಟು ಮೇಲೆ ಉಕ್ಕಬೇಕು. ಉಕ್ಕಿದ್ದನ್ನು ಒರೆಸಬೇಡಿ, ಸುತ್ತ ಸವರಿ ಪಟ್ಟಿಯ ಮೇಲೂ ಹರಡಿ. ಗಟ್ಟಿಯಾದ ಮೇಲೆ ಅದೇ ರಿವೆಟ್ ಹೊಡೆದ ಹಾಗೆ ಹಿಡಿದುಕೊಳ್ಳುತ್ತದೆ. ಉಂಗುರದ ಕೀಲಿಗೆ ಮಾತ್ರ ಅಂಟು ಹೋಗದಿರಲಿ. ಕೊಂಡಿ ಟೈಲ್‌ನ ಮೇಲಿನ ಮೂರನೇ ಒಂದು ಭಾಗದಲ್ಲಿರಲಿ. ಉಂಗುರ ಅಂಚಿನಾಚೆ ಇಣುಕಬಾರದು. 6 ಇಂಚಿನವರೆಗೆ ಒಂದು ಕೊಂಡಿ ನಡೆಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಎರಡು ಹಾಕಿ. ಎರಡಿದ್ದರೆ ಟೈಲ್ ಓರೆಯಾಗುವ ಕಾಟವೂ ಇಲ್ಲ.

ಆಮೇಲೆ 24 ಗಂಟೆ ಅದನ್ನು ಮರೆತುಬಿಡಿ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ನಾನು ಎರಡು ದಿನ ಬಿಡುತ್ತೇನೆ. ಚಳಿಗೆ ಎಪಾಕ್ಸಿ ನಿಧಾನ.

ಅಂಟಿನ ಕೆಲಸ ಬೇಡ ಅನ್ನುವವರಿಗೆ ದುಂಡನೆ ಬಿಲ್ಲೆಯ ಹ್ಯಾಂಗರ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಒಂದು ಮುಖಕ್ಕೆ ಒಣ ಗೋಂದು ಇರುತ್ತದೆ. ನೀರು ಹಚ್ಚಿ, ಅದು ಜಿಗುಟಾಗುವವರೆಗೆ ಕಾದು ಒತ್ತಬೇಕು, ಇಡೀ ರಾತ್ರಿ ಬಿಡಬೇಕು. ಬೇಡವಾದಾಗ ನೆನೆಸಿದರೆ ಬಿಟ್ಟುಕೊಳ್ಳುತ್ತದೆ. ಬೆನ್ನು ನುಣುಪಾಗಿರುವ ಟೈಲ್‌ಗೆ ಇದು ಒಳ್ಳೆಯದು. ಗೆರೆಗೆರೆ ಬೆನ್ನಿಗೆ ಹಿಡಿತ ಸಾಲದು. ನೀರು ಆಗಿಬರದ ಜೈಪುರದ ಟೈಲ್ಸ್‌ಗೂ ಇದು ಬೇಡ.

ಕೌದಿಯ ಮೇಲೆ ಪರೀಕ್ಷೆ

ಇದನ್ನು ಬಿಡಲೇಬೇಡಿ. ಅವ್ವನ ದಪ್ಪ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸುತ್ತೇನೆ. ಅದರ ಮೇಲೆ ಒಂದು ಗೇಣು ಎತ್ತರದಲ್ಲಿ, ಕುರ್ಚಿಯ ಅಡ್ಡಪಟ್ಟಿಗೆ ದಾರ ಕಟ್ಟಿ ಕೊಂಡಿಯಿಂದ ಟೈಲ್ ತೂಗಿಬಿಡುತ್ತೇನೆ. ಟೈಲ್‌ನ ಸುತ್ತ ಬಟ್ಟೆಯ ಪಟ್ಟಿ ಕಟ್ಟಿ, ಅದಕ್ಕೆ ಒಂದು ಲೀಟರ್ ನೀರಿನ ಬಾಟಲಿ ಜೋತುಹಾಕುತ್ತೇನೆ. ಬಾಟಲಿ ಒಂದು ಕಿಲೋ ಆಯಿತು. 400 ಗ್ರಾಂ ಟೈಲ್‌ನ ಕೊಂಡಿ ಈಗ ಒಂದೂಕಾಲು ಕಿಲೋಗಿಂತ ಜಾಸ್ತಿ ಹೊರುತ್ತಿದೆ. ಒಂದು ರಾತ್ರಿ ನಿಂತರೆ ಅದು ಗೋಡೆಗೆ ಹೋಗಲು ಸಿದ್ಧ. ಎರಡು ಸಲ ನನ್ನ ಕೊಂಡಿಗಳು ಈ ಪರೀಕ್ಷೆಯಲ್ಲೇ ಕಿತ್ತು ಬಂದಿವೆ. ಎರಡು ಸಲವೂ ಟೈಲ್ ಕೌದಿಯ ಮೇಲೆ ಮೆತ್ತಗೆ ಬಿದ್ದು ಉಳಿಯಿತು.

ಜಾಗ, ಅಳತೆ, ತೂತು

ನಿಂತು ನೋಡುವ ಕಡೆ ಟೈಲ್‌ನ ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರದಲ್ಲಿದ್ದರೆ ಕಣ್ಣಿಗೆ ಹಿತ. ಪಡಸಾಲೆಯಲ್ಲಿ ಚಾಪೆ, ದಿವಾನ್ ಮೇಲೆ ಕೂರುವವರೇ ಜಾಸ್ತಿ ಇದ್ದರೆ ಇನ್ನೂ ಒಂದು ಗೇಣು ಇಳಿಸಿ. ಮಂಚದ ತಲೆದಿಕ್ಕು, ತೊಟ್ಟಿಲಿನ ಮೇಲೆ, ಬಡಿಯುವ ಬಾಗಿಲಿನ ಹಿಂದೆ ಹಾಕಬೇಡಿ. ಹೊರಗೋಡೆಗೆ ಹಾಕುವುದಾದರೆ ಪಡುವಣದ ಬಿಸಿಲು ಬೀಳುವ ಮುಖ ಬೇಡ. ಏಪ್ರಿಲ್ ತಿಂಗಳ ಸಂಜೆ ಆ ಗೋಡೆ ಮುಟ್ಟಿ ನೋಡಿ, ಯಾಕೆ ಅಂತ ಗೊತ್ತಾಗುತ್ತದೆ. ಬಿಸಿಗೆ ಅಂಟು ಮೆತ್ತಗಾಗುತ್ತದೆ.

ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಅದೇ ಎತ್ತರದಲ್ಲಿ ಎಡಬಲಕ್ಕೆ ಡ್ರಿಲ್ ಮಾಡಬೇಡಿ. ಗೋಡೆಯೊಳಗಿನ ವೈರ್ ಪೈಪು ಹೆಚ್ಚಾಗಿ ಈ ದಾರಿಯಲ್ಲೇ ಓಡಿರುತ್ತದೆ. ನಲ್ಲಿಗಳ ವಿಷಯದಲ್ಲೂ ಅಷ್ಟೇ.

ಹಳೇ ದಿನಪತ್ರಿಕೆಯನ್ನು ಟೈಲ್ ಅಳತೆಗೆ ಕತ್ತರಿಸಿ. ಟೈಲನ್ನು ಅದರ ಮೇಲಿಟ್ಟು, ಉಂಗುರವನ್ನು ಮೇಲಕ್ಕೆ ಎಳೆದು ಹಿಡಿದಾಗ ಅದರ ಒಳತುದಿ ಎಲ್ಲಿ ಬರುತ್ತದೆ ಅಂತ ಅಳೆದು ಕಾಗದಕ್ಕೆ ಗುರುತು ಹಾಕಿ. ಟೈಲ್ ಮುಂದಿನಿಂದ ನೋಡಿದಾಗ ಎಡಬಲ ಅದಲುಬದಲಾಗುತ್ತದೆ, ಎರಡು ಕೊಂಡಿ ಇದ್ದರೆ ಇದನ್ನು ಮರೆಯಬೇಡಿ. ಕಾಗದವನ್ನು ಗೋಡೆಗೆ ಅಂಟಿಸಿ ಒಂದು ದಿನ ನೋಡಿ. ನಾಲ್ಕೈದು ಟೈಲ್ಸ್ ಒಟ್ಟಿಗೆ ಹಾಕುವುದಿದ್ದರೆ ಎಲ್ಲದರ ಕಾಗದವನ್ನೂ ಅಂಟಿಸಿ. ಮನೆಯವರೆಲ್ಲ ಒಪ್ಪಿದ ಮೇಲೆ ರಸಮಟ್ಟ ಇಟ್ಟು ಸರಿಮಾಡಿ. ಬಿಡಿ ಬಿಡಿ ಚಿತ್ರಗಳಾದರೆ ನಡುವೆ ಎರಡು ಮೂರು ಸೆಂ.ಮೀ. ಬಿಡಬಹುದು.

ಇಟ್ಟಿಗೆ ಗೋಡೆಗೆ 6 ಮಿ.ಮೀ. ಬಿಟ್, ಅದೇ ಅಳತೆಯ ಪ್ಲಗ್ ಸಾಕು. ಒಳಗಿನ ಗಾರೆಯೇ 12ರಿಂದ 15 ಮಿ.ಮೀ. ದಪ್ಪ ಇರುತ್ತದೆ. ಪ್ಲಗ್ ಅದನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಆದ್ದರಿಂದ 50 ಮಿ.ಮೀ. ಆಳ ತೂತು ಹಾಕಿ, 50 ಮಿ.ಮೀ. ಸ್ಕ್ರೂ ಬಳಸಿ. ಆಳ ತಿಳಿಯಲು ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಇಟ್ಟಿಗೆಗೆ ಮೊದಲು ಹ್ಯಾಮರ್ ಇಲ್ಲದೆ ನಿಧಾನವಾಗಿ ಶುರುಮಾಡಿ. ಗಾರೆ ಒಡೆದು ಹೋಗುವುದು ಮೊದಲ ಹೊಡೆತದಲ್ಲೇ. ಕೆಳಗೆ ಬಾಯಿ ತೆರೆದ ಒಂದು ಲಕೋಟೆ ಅಂಟಿಸಿದರೆ ಪುಡಿ ಅದರಲ್ಲೇ ಬೀಳುತ್ತದೆ. ಸೈಕಲ್ ಪಂಪಿನಿಂದ ತೂತಿನ ಧೂಳು ಊದಿ, ಆಮೇಲೆ ಪ್ಲಗ್ ಹಾಕಿ. ಸ್ಕ್ರೂ ತಲೆ ನಾಲ್ಕೈದು ಮಿ.ಮೀ. ಹೊರಗಿರಲಿ.

ಟೈಲ್‌ನ ಕೆಳಗಿನ ಎರಡು ಮೂಲೆಗೆ ಕೊಂಡಿಯಷ್ಟೇ ದಪ್ಪದ ರಬ್ಬರ್ ಬಿಲ್ಲೆ ಅಂಟಿಸಿ. ಇಲ್ಲದಿದ್ದರೆ ಮೇಲ್ಭಾಗ ಮುಂದೆ ವಾಲಿ ನಿಲ್ಲುತ್ತದೆ. ಇನ್ನೊಂದು ಕಾರಣ ಗಾಳಿ. ಆಷಾಢದಲ್ಲಿ ಚಿತ್ರದುರ್ಗದ ಗಾಳಿ ಗೊತ್ತಲ್ಲ, ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಸುತ್ತುತ್ತಲೇ ಇರುತ್ತವೆ. ಅಕ್ಕನ ಮನೆಯಲ್ಲಿ ಮುಂಬಾಗಿಲು ತೆಗೆದರೆ ಟೈಲ್ಸ್ ಟಕಟಕ ಅನ್ನುತ್ತಿದ್ದವು. ಆ ಬಿಲ್ಲೆಗಳ ಹೊರಮುಖಕ್ಕೆ ಕಡಲೆಕಾಳಿನಷ್ಟು ಪೋಸ್ಟರ್ ಅಂಟಿಸುವ ಮೇಣ ಒತ್ತಿದ ಮೇಲೆ ಸದ್ದಿಲ್ಲ.

ದೊಡ್ಡ ಟೈಲ್, ಜೋಡಿಸಿದ ಚಿತ್ರ

ಆರು ಟೈಲ್ಸ್ ಸೇರಿ ಒಂದು ಚಿತ್ರ ಆಗುವುದಿದ್ದರೆ ಒಂದೊಂದನ್ನೂ ಬೇರೆ ನೇತುಹಾಕಿ ಗೆರೆ ಕೂಡಿಸುವುದು ಆಗದ ಕೆಲಸ. 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ತನ್ನಿ. ನಾಲ್ಕೂ ಬದಿ ಚಿತ್ರಕ್ಕಿಂತ ಎರಡು ಸೆಂ.ಮೀ. ಒಳಗೆ ಇರುವಂತೆ ಕತ್ತರಿಸಿ, ಅಂಚಿಗೆ ಗೋಡೆಯ ಬಣ್ಣ ಬಳಿಯಿರಿ. ಮುಂದಿನಿಂದ ಅದು ಕಾಣುವುದೇ ಇಲ್ಲ, ಟೈಲ್ಸ್ ಗೋಡೆಯಿಂದ ಸ್ವಲ್ಪ ಈಚೆ ತೇಲಿದಂತೆ ನೆರಳು ಬೀಳುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟದ ನೋಟ ಇದು.

ಪ್ಲೈವುಡ್ಡಿಗೆ ಟೈಲ್ಸ್ ಅಂಟಿಸಲು ಸಿಲಿಕೋನ್ ಬಳಸಿ, ಎಪಾಕ್ಸಿ ಬೇಡ. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಟೈಲ್ ಹಿಗ್ಗುವುದಿಲ್ಲ. ಸಿಲಿಕೋನ್ ರಬ್ಬರಿನಂತೆ ಬಾಗಿಕೊಡುತ್ತದೆ. ಟೈಲ್ಸ್ ನಡುವೆ ಎರಡು ಮಿ.ಮೀ. ಸಂದು ಇರಲಿ. ಮಲಗಿಸಿಯೇ ಎರಡು ದಿನ ಬಿಡಿ.

ನೇತುಹಾಕಲು ಬಡಗಿಯ ಹತ್ತಿರ ಒಂದು ಪ್ಲೈವುಡ್ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿಸಿ. ಒಂದು ಅರ್ಧವನ್ನು ಓರೆ ಮುಖ ಮೇಲಾಗಿ, ಚೂಪು ತುದಿ ಗೋಡೆಯಿಂದ ಈಚೆಗೆ ಬರುವಂತೆ ಗೋಡೆಗೆ ಮೂರು ಸ್ಕ್ರೂ ಹೊಡೆದು ಕೂರಿಸಿ. ಇನ್ನೊಂದು ಅರ್ಧ ಹಲಗೆಯ ಬೆನ್ನಿಗೆ, ಓರೆ ಮುಖ ಕೆಳಗಾಗಿ, ಚೂಪು ತುದಿ ಗೋಡೆಯ ಕಡೆಗಿರುವಂತೆ. ಮೇಲಿನಿಂದ ಇಳಿಸಿದರೆ ಒಂದು ಇನ್ನೊಂದನ್ನು ಕೊಕ್ಕೆಯ ಹಾಗೆ ಕಚ್ಚುತ್ತದೆ. ಎತ್ತಿದರೆ ಮಾತ್ರ ಬರುತ್ತದೆ. 6 ಇಂಚಿನ ಆರು ಟೈಲ್ಸ್, ಹಲಗೆ ಎಲ್ಲ ಸೇರಿ ಸುಮಾರು ಮೂರೂಕಾಲು ಕಿಲೋ. ಮೂರು ಸ್ಕ್ರೂಗಳಿಗೆ ಅದು ಭಾರವೇ ಅಲ್ಲ.

ಅಕ್ಕ ತಂದ ಹಾಯಿದೋಣಿಯ ಮೂರು ಚೂರುಗಳನ್ನೂ ಹೀಗೇ ಸಣ್ಣ ಹಲಗೆಯ ಮೇಲೆ ಕೂಡಿಸಿದ್ದೇನೆ. ಗೆರೆ ಕಾಣುತ್ತದೆ. ಇರಲಿ, ದೋಣಿ ಮತ್ತೆ ಗೋಡೆಯ ಮೇಲಿದೆ.

ಒಂದೇ ದೊಡ್ಡ ಟೈಲ್‌ಗೆ ಕನ್ನಡಿ ಹಿಡಿಯುವ ಕ್ಲಿಪ್ಪುಗಳೂ ಆಗುತ್ತವೆ. ಕೆಳಗೆ ಎರಡು, ಮೇಲೆ ಎರಡು. ಅಂಟೇ ಬೇಕಿಲ್ಲ, ಆದರೆ ನಾಲ್ಕು ಕಡೆ ಲೋಹ ಇಣುಕುತ್ತದೆ.

ತೆಗೆಯುವಾಗ

ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಟೈಲ್ ಇಳಿಸಿ ಕೊಂಡಿಯನ್ನು ಬೆರಳಿನಿಂದ ಅಲುಗಿಸಿ ನೋಡಿ. ಸ್ಕ್ರೂ ಸಡಿಲವಾಗಿದ್ದರೆ ಬಿಗಿಮಾಡಿ. ಮನೆ ಬದಲಿಸುವಾಗ ಪ್ಲಗ್ ಕಿತ್ತು, ತೂತಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ತಿಕ್ಕಿ ಬಣ್ಣ ಮುಟ್ಟಿಸಿದರೆ ಮನೆ ಮಾಲೀಕರಿಗೂ ಬೇಸರವಿಲ್ಲ. ಕೊಂಡಿ ಟೈಲ್ ಬೆನ್ನಿಗೇ ಇರಲಿ, ಕೀಳಲು ಹೋಗಬೇಡಿ. ಸಾಮಾನು ಕಟ್ಟುವಾಗ ಟೈಲ್ಸ್ ಒಂದರ ಮೇಲೊಂದು ಮಲಗಿಸಬೇಡಿ. ಪ್ರತಿಯೊಂದಕ್ಕೂ ಬಟ್ಟೆ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಪುಸ್ತಕದ ಹಾಗೆ ನಿಲ್ಲಿಸಿ, ಆ ಪೆಟ್ಟಿಗೆಯನ್ನು ಲಾರಿಗೆ ಕೊಡದೆ ತೊಡೆಯ ಮೇಲಿಟ್ಟುಕೊಂಡು ಹೋಗಿ.